ಶುಕ್ರವಾರದ ಸೋಲುಗಳು

ಮನೆಯ ಅಜ್ಜಿ ಸರ್ವಿನಿಸೋ ಬುವಿ ಪಿಯಾಲೆ ಬಟ್ಟಲಿನ ಕಂಠದವರೆಗೆ ಹಸಿರು ಚಹಾ ಸುರಿದು ತುರ್ಗುನ್‌ನ ಮುಂದೆ ಕುಕ್ಕಿದಳು. ಅರ್ಧ ಸುರಿದಿದ್ದರೆ, ಇನ್ನೂ ಸ್ವಲ್ಪ ಹೊತ್ತು ಕೂತಿರಪ್ಪಾ ಎಂದರ್ಥ. ಇದು ತುಂಬಿ ತುಳುಕುತ್ತಿತ್ತು.

"ಕುಡಿ," ಎಂದಳು. "ಬಿಸಿ ಇರುವಾಗ್ಲೇ ಕುಡಿ. ಆಮೇಲೆ ಫರ್ಗಾನಾಕ್ಕೆ ಟ್ಯಾಕ್ಸಿ ಸಿಗಲ್ಲ."

"ಟ್ಯಾಕ್ಸಿ ಕತ್ತಲಾಗೋವರೆಗೂ ಸಿಗುತ್ತೆ ಬುವಿ."

"ಸಿಗುತ್ತೆ. ಆದ್ರೆ ಮುಖ ನೋಡಿ ಹತ್ತಿಸ್ಕೋತಾರೆ."

ತುರ್ಗುನ್‌ಗೆ ನಗು ಬಂತು. ನಗುವಷ್ಟು ತ್ರಾಣ ಇರಲಿಲ್ಲ. ಹಿಪ್ಪುನೇರಳೆ ಮರದ ಕೆಳಗಿನ ಈ ಎತ್ತರದ ಮಂಚ ಹತ್ತುವಷ್ಟರಲ್ಲೇ ಎಡಮಂಡಿ ಬೊಬ್ಬೆ ಹೊಡೆದಿತ್ತು. ಪೊಲೀಸ್ ಇಲಾಖೆಯಲ್ಲಿ ಕಳ್ಳರ ಹಿಂದೆ ಓಡಿ ಸವೆಸಿದ ಮಂಡಿ ಅದು. ನಿವೃತ್ತಿಯಾದ ಮೇಲಾದರೂ ಕೂತಲ್ಲೇ ಕೆಲಸ ಸಿಕ್ಕಿತಲ್ಲಾ ಎಂದು ಪ್ರಾಂತ್ಯದ ಚೆಸ್ ಸಂಘಕ್ಕೆ ಸೇರಿಕೊಂಡಿದ್ದ. ಆನ್‌ಲೈನ್ ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯುವ ಕೆಲಸ. ಕಳ್ಳತನ ಕೂತಲ್ಲೇ ನಡೆದರೂ ಕಳ್ಳನನ್ನು ಹುಡುಕಲು ಓಡಲೇಬೇಕು ಎಂಬುದು ಆಮೇಲೆ ತಿಳಿಯಿತು.

ಇಂದು ಸಂಜೆ ಫರ್ಗಾನಾದ ಕಚೇರಿ ಮುಚ್ಚುವುದರೊಳಗೆ ಅವನು ವರದಿ ಕೊಡಬೇಕಿತ್ತು. ಎದುರಿಗೆ ಕೂತಿರುವ ಹತ್ತೊಂಬತ್ತರ ಹುಡುಗಿ, ಬುವಿಯ ಮೊಮ್ಮಗಳು ಗುಲಾಸಲ್, ಬೇಕೆಂದೇ ಸೋತು ಸೋತು ತನ್ನ ರೇಟಿಂಗ್ ಇಳಿಸಿಕೊಂಡು, ದುರ್ಬಲರ ಗುಂಪಿನಲ್ಲಿ ಆಡಿ ಗೆದ್ದು, ತಾಷ್ಕೆಂಟಿನ ಚೆಸ್ ಶಾಲೆಯಲ್ಲಿ ಸೀಟು ಹೊಡೆದಿದ್ದಾಳೆ, ಇದು ದೂರು. ವರದಿಯಲ್ಲಿ 'ಹೌದು' ಎಂದು ಬರೆದರೆ ಸೀಟು ಹೋಯಿತು. ಅಷ್ಟೇ ಅಲ್ಲ, ಮತ್ತೆ ಯಾವ ಪಂದ್ಯದಲ್ಲೂ ಅವಳ ಹೆಸರು ಬರುವಂತಿಲ್ಲ.

ಆ ಹುಡುಗಿಯ ಬೆರಳುಗಳಿಗೆ ನೀಲಿ ಬಣ್ಣ ಮೆತ್ತಿಕೊಂಡಿತ್ತು. ಮಾರ್ಗಿಲಾನ್‌ನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆ. ಅಂಗಳದ ಆಚೆ ಮಗ್ಗ ಸುಮ್ಮನಿತ್ತು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದು ಗಂಡಸರು ಇನ್ನೂ ಮನೆ ಸೇರಿರಲಿಲ್ಲ.

"ಮಗಳೇ," ಎಂದ ತುರ್ಗುನ್, "ನಾನು ಸುತ್ತಿ ಬಳಸಿ ಮಾತಾಡಲ್ಲ. ನಂಗೆ ಸುಸ್ತಾಗಿದೆ. ಶುಕ್ರವಾರ ಶುಕ್ರವಾರ ನೀನು ಯಾಕೆ ಸೋಲ್ತೀಯಾ?"

"ಆಟ ಅಂದ್ಮೇಲೆ ಸೋಲಲ್ವಾ ಅಮಕಿ?" ಎಂದಳು ಗುಲಾಸಲ್. ಮನೆಗೆ ಬಂದ ವೈರಿಯನ್ನೂ ಚಿಕ್ಕಪ್ಪ ಎಂದೇ ಕರೆಯುವ ಊರು. "ನೀವು ಯಾವತ್ತೂ ಸೋತಿಲ್ವಾ?"

ಆ ಪ್ರಶ್ನೆ ಎಲ್ಲಿ ತಾಗಿತು ಎಂಬುದು ಪಾಪ ಹುಡುಗಿಗೆ ಗೊತ್ತಿರಲಿಲ್ಲ.

ತುರ್ಗುನ್ ಕೂಡ ಗುಲಾಸಲ್ ಆಡುವ ಆನ್‌ಲೈನ್ ತಾಣದಲ್ಲೇ ಆಡುತ್ತಿದ್ದ. 'ಮುದಿ ಕತ್ತೆ' ಎಂಬ ಹೆಸರಿನಲ್ಲಿ. ಸಂಘದವರಿಗೆ ಗೊತ್ತಿಲ್ಲ, ಗೆಳೆಯರಿಗೆ ಗೊತ್ತಿಲ್ಲ. ಆರು ವರ್ಷ ಪಾಠ ಓದಿದ, ಬಸ್ಸಿನಲ್ಲಿ ಕೂತು ಸಮಸ್ಯೆ ಬಿಡಿಸಿದ, ಕೊನೆಯಾಟದ ವಿಡಿಯೊಗಳನ್ನು ನೋಡುತ್ತ ನೋಡುತ್ತ ನಿದ್ದೆ ಹೋದ. ಬೆಳಿಗ್ಗೆ ಎದ್ದೊಡನೆ ಗ್ರಾಫ್ ತೆಗೆದು ನೋಡುವುದು, ಕೆಲವರು ಬಿಪಿ ನೋಡಿಕೊಳ್ಳುವ ಹಾಗೆ. ಗೆರೆ ಮೇಲೆ ಹೋಗಲಿಲ್ಲ, ಕೆಳಗೂ ಬೀಳಲಿಲ್ಲ. ಹೆಂಡತಿ ಮುಕರ್ರಮ್ ಒಮ್ಮೆ ಇಣುಕಿ ನೋಡಿ, "ಆಸ್ಪತ್ರೇಲಿ ಗೆರೆ ಹೀಗೆ ನೆಟ್ಟಗಾದ್ರೆ ಡಾಕ್ಟ್ರು ಮುಖಕ್ಕೆ ಬಟ್ಟೆ ಎಳೀತಾರೆ ಕಣ್ರೀ," ಎಂದಿದ್ದಳು.

ಅವನು ತನ್ನ ಫೋನು ತೆಗೆದು ಗುಲಾಸಲ್‌ನ ಗ್ರಾಫನ್ನು ಮಂಚದ ಮೇಲಿಟ್ಟ. ಗೆರೆ ವಾರವಿಡೀ ಹತ್ತುತ್ತದೆ. ಶುಕ್ರವಾರ ಬಂತೋ, ಜಾರುತ್ತದೆ. ಮತ್ತೆ ಹತ್ತುತ್ತದೆ, ಮತ್ತೆ ಶುಕ್ರವಾರ. ಗರಗಸದ ಹಲ್ಲಿನ ಹಾಗೆ ಕಾಣುತ್ತಿತ್ತು.

"ಸೋಲೋದ್ರಲ್ಲಿ ತಪ್ಪಿಲ್ಲ," ಎಂದ. "ನೀನು ಸೋತ ಆಟಾನ ಏನು ಮಾಡ್ತೀಯಾ?"

"ಏನು ಮಾಡೋದು ಅಂದ್ರೆ?"

"ಮತ್ತೆ ತೆರೆದು ನೋಡ್ತೀಯಾ?"

"ನೋಡ್ದೆ ಇರ್ತೀನಾ? ಗೆದ್ದಿದ್ದನ್ನ ಒಂದ್ಸಲ ನೋಡು, ಸೋತಿದ್ದನ್ನ ಮೂರ್ಸಲ ನೋಡು ಅಂತ ನಮ್ಮ ಚೆಸ್ ಮೇಷ್ಟ್ರು ದೋಮ್ಲಾ ಹೇಳಿಕೊಟ್ಟಿದ್ದಾರೆ." ಅವಳ ಮುಖ ಅರಳಿತು. ಹುಡುಗಿಗೆ ಈ ವಿಷಯ ಎಂದರೆ ಪ್ರಾಣ. "ಎಲ್ಲಿ ತಪ್ಪಿದೆ ಅಂತ ಅಲ್ಲೇ ಗುರುತು ಹಾಕಿಡ್ತೀನಿ. ಮುಂದಿನ ತಿಂಗಳು ಅದೇ ತಪ್ಪು ಮತ್ತೆ ಮಾಡಿದ್ನಾ ಅಂತ ನೋಡ್ತೀನಿ. ರೇಟಿಂಗ್ ಏರಿದ್ರೆ ಸಾಲ್ದು ಅಮಕಿ. ಹಳೇ ತಪ್ಪು ಬಿಟ್ಟು ಹೊಸ ತಪ್ಪು ಮಾಡ್ತಾ ಇದ್ರೆ ಮುಂದೆ ಹೋಗ್ತಿದೀನಿ ಅಂತ ಅರ್ಥ."

ಆರು ವರ್ಷದಿಂದ ತಾನು ಒಂದೇ ತಪ್ಪನ್ನು ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದೇನೆ ಎಂದು ತುರ್ಗುನ್‌ಗೆ ಆ ಕ್ಷಣ ಹೊಳೆಯಿತು. ಅದನ್ನು ಪಕ್ಕಕ್ಕೆ ಸರಿಸಿದ.

"ಸರಿ. ಹಾಗಾದ್ರೆ ಈ ಶುಕ್ರವಾರದ ಸೋಲುಗಳನ್ನ ಯಾಕೆ ತೆರೆದೇ ನೋಡಿಲ್ಲ?"

ಗುಲಾಸಲ್ ರೊಟ್ಟಿಯ ತಟ್ಟೆಯನ್ನು ಅವನತ್ತ ಸರಿಸಿದಳು.

"ನಿನ್ನ ಖಾತೆಯ ದಾಖಲೆ ಎಲ್ಲಾ ಸಂಘ ತರಿಸಿಕೊಂಡಿದೆ. ಸೋತ ಪ್ರತಿಯೊಂದು ಆಟದಲ್ಲೂ ನಿನ್ನ ಗುರುತುಗಳಿವೆ. ಶುಕ್ರವಾರದವು ಮಾತ್ರ, ಒಂದನ್ನ ಬಿಟ್ರೆ, ಹುಟ್ಟಿದ ಹಾಗೇ ಬಿದ್ದಿವೆ. ತಾನು ಹೆತ್ತಿದ್ದಲ್ಲದ ಮಗೂನ ಯಾರೂ ಎತ್ತಿಕೊಳ್ಳಲ್ಲ ನೋಡು."

ಬುವಿ ಚಹಾದ ಪಾತ್ರೆಯ ಮುಚ್ಚಳವನ್ನು ತೆಗೆದಳು, ಮುಚ್ಚಿದಳು. ಮತ್ತೆ ತೆಗೆದಳು.

ತುರ್ಗುನ್ ಅವಳತ್ತ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದಾಗ ಯಾರು ಹೆಗಲು ಮುಟ್ಟಿಕೊಳ್ಳುತ್ತಾರೆ ಎಂದು ಕಾಣಲು ನೇರ ನೋಡಬೇಕಿಲ್ಲ.

"ಇನ್ನೊಂದು ವಿಷಯ," ಎಂದ. "ಈ ಆಟಗಳೆಲ್ಲ ಬೆಳಗಿನ ನಮಾಜು ಮುಗಿದ ಹೊತ್ತಿನವು. ಆ ಒಂದನ್ನ ಬಿಟ್ರೆ ಎಲ್ಲದರಲ್ಲೂ ಒಂದೇ ಚಾಳಿ. ಮಂತ್ರಿ ಒಬ್ಬನೇ ಹೊರಗೆ ಬರ್ತಾನೆ. ನೇರ ಹೋಗಿ ಎದುರಾಳಿಯ ಕಾಲಾಳಿನ ಬಾಯಿಗೆ ಬೀಳ್ತಾನೆ. ಅಲ್ಲಿಗೆ ಆಟ ಬಿಟ್ಟಾಯ್ತು. ರೇಟಿಂಗ್ ಇಳಿಸೋ ಕಳ್ಳರನ್ನ ನಾನು ಬೇಕಾದಷ್ಟು ನೋಡಿದೀನಿ. ಅವರು ಕಳ್ಳತನ ಮುಚ್ಚಿಡ್ತಾರೆ. ಒಂದು ಕಾಲಾಳು ಕಳ್ಕೊಂಡು, ಸ್ವಲ್ಪ ಒದ್ದಾಡಿ, ಆಮೇಲೆ ಸೋಲ್ತಾರೆ. ಇಲ್ಲಿ ಹಾಗಲ್ಲ. ಇದು ಸೋತದ್ದಲ್ಲ, ಕೊಟ್ಟದ್ದು. ಮನೇಲಿರೋ ಬೆಲೆಬಾಳೋ ವಸ್ತುವನ್ನೇ ಎತ್ತಿ ಕೊಟ್ಟ ಹಾಗೆ. ಯಾರಿಗೋ ದಾನ ಮಾಡಿದ ಹಾಗೆ."

"ನಾನೇ ಆಡಿದ್ದು," ಎಂದಳು ಗುಲಾಸಲ್, ಥಟ್ಟನೆ.

"ಮುಚ್ಚೇ ಬಾಯಿ," ಎಂದಳು ಬುವಿ.

ಅಂಗಳದಲ್ಲಿ ಒಂದು ಹಣ್ಣಾದ ದಾಳಿಂಬೆ ತೊಟ್ಟು ಕಳಚಿ ಬಿತ್ತು. ಎತ್ತಿಕೊಳ್ಳಲು ಯಾರೂ ಏಳಲಿಲ್ಲ.

"ಬುವಿ, ಸುಮ್ನಿರಿ ನೀವು," ಎಂದಳು ಗುಲಾಸಲ್.

"ಸುಮ್ನಿದ್ದು ಸುಮ್ನಿದ್ದೇ ಇವನನ್ನ ಮನೆ ಒಳಗೆ ತಂದ್ಕೊಂಡಿದ್ದು." ಅವಳು ತುರ್ಗುನ್‌ನ ಕಡೆ ತಿರುಗಿದಳು. "ಮಗಾ, ನಿಂಗೆ ಮಕ್ಕಳಿದಾರಾ?"

"ಇದಾರೆ ಬುವಿ."

"ಸಣ್ಣವರಿದ್ದಾಗ ನಿನ್ನಮ್ಮ ಅವರ ಕೆನ್ನೆಗೆ ಮಸಿ ಹಚ್ತಿದ್ಲೋ ಇಲ್ವೋ?"

"ಹಚ್ತಿದ್ಲು."

"ಮತ್ತೆ?" ಎಂದಳು ಬುವಿ, ಎಲ್ಲವನ್ನೂ ಹೇಳಿ ಮುಗಿಸಿದವಳ ಹಾಗೆ.

ತುರ್ಗುನ್ ಕಾದ. ಪೊಲೀಸ್ ಕೆಲಸದಲ್ಲಿ ಅವನು ಕಲಿತ ಒಂದೇ ವಿದ್ಯೆ ಅದು. ಮಿಕ್ಕದ್ದೆಲ್ಲ ಮಂಡಿಯ ಜೊತೆ ಹೋಗಿತ್ತು.

"ಗುರುವಾರ ಗುರುವಾರ ಆ ದೋಮ್ಲಾ ಏನು ಮಾಡ್ತಾನೆ?" ಬುವಿಯ ದನಿ ಏರಿತು. "ಇವಳ ಆ ಏರೋ ಗೆರೇನ ತೆಗೆದು ಮೊಹಲ್ಲಾದ ಫೋನ್ ಗುಂಪಿಗೆ ಹಾಕ್ತಾನೆ. ನೋಡಿ ನನ್ನ ಗುಲಾಸಲ್ ಎಷ್ಟು ಮೇಲೆ ಹೋದ್ಲು, ಎಷ್ಟು ಮೇಲೆ ಹೋದ್ಲು! ಅಲ್ಲಿ ಇರೋರೆಲ್ಲ ಅಬ್ಬಬ್ಬಾ, ಅಬ್ಬಬ್ಬಾ. ದೃಷ್ಟಿ ತಾಗದಿರಲಿ ಅಂತ ಒಬ್ರಾದ್ರೂ ಬಾಯಿಬಿಟ್ಟು ಅಂದ್ರಾ? ಆ ಮೂಲೆಮನೆಯವಳ ಕಣ್ಣಿಗೆ ಕರೆಯೋ ಹಸುವಿನ ಹಾಲೇ ಬತ್ತುತ್ತೆ, ಅವಳೂ ಅಬ್ಬಬ್ಬಾ ಅಂತಾಳೆ! ನಾನು ಇಸಿರಿಕ್ ಸೊಪ್ಪು ಸುಟ್ಟು ಇವಳ ಸುತ್ತ ಹೊಗೆ ಹಾಕಿದೆ. ಆದ್ರೆ ಹುಡುಗಿ ಇಲ್ಲಿದಾಳೆ, ಗೆರೆ ಆ ಪೆಟ್ಟಿಗೆ ಒಳಗಿದೆ. ಹೊಗೆ ಅಲ್ಲಿಗೆ ಹೋಗುತ್ತಾ?"

"ಹೋಗಲ್ಲ," ಎಂದ ತುರ್ಗುನ್.

"ಮತ್ತೆ ನಾನೇನು ಮಾಡ್ಲಿ? ಇವಳು ಮಲಗಿರ್ತಾಳೆ, ಫೋನು ಗೂಡಲ್ಲಿ ಇರುತ್ತೆ. ಒಂದು ಆಟ ತೆಗೀತೀನಿ. ಇರೋದ್ರಲ್ಲಿ ದೊಡ್ಡವನು ಆ ಮಂತ್ರಿ. ಬಿಸ್ಮಿಲ್ಲಾ ಅಂತ ಅವನನ್ನ ನಿವಾಳಿಸಿ ಕೊಟ್ಟುಬಿಡ್ತೀನಿ. ಗೆರೆ ಒಂಚೂರು ತಗ್ಗುತ್ತೆ. ನೋಡಿದವರು, ಓ ಇದಕ್ಕೂ ಒಂದು ಕುಂದಿದೆ ಅಂತ ಬಿಟ್ಟುಬಿಡ್ತಾರೆ." ಅವಳ ಕಣ್ಣಲ್ಲಿ ನೀರು ಬಂತು, ಆದರೆ ದನಿ ತಗ್ಗಲಿಲ್ಲ. "ಇವಳ ತಾಯಿನೂ ಹೀಗೇ ಎಲ್ಲರ ಬಾಯಲ್ಲಿದ್ಲು. ಅವಳಂಥ ನೇಕಾರ್ತಿ ಇಲ್ಲ ಅಂತಿದ್ರು. ಎಲ್ಲಿದಾಳೆ ಈಗ? ಮಣ್ಣಲ್ಲಿದಾಳೆ. ನನಗಿರೋದು ಇದೊಂದು."

ತುರ್ಗುನ್ ಗ್ರಾಫನ್ನು ಮತ್ತೊಮ್ಮೆ ನೋಡಿದ. ಸಂಘದ ಪಂಡಿತರು ಮೋಸದ ಸಾಕ್ಷಿ ಎಂದು ಕೆಂಪು ಸುತ್ತು ಹಾಕಿದ್ದ ಪ್ರತಿ ಇಳಿತವೂ ಒಂದು ದೃಷ್ಟಿಬೊಟ್ಟು. ಬೆಳಗಿನಿಂದ ಮೊದಲ ಬಾರಿಗೆ, ಈ ಹುಡುಗಿ ಕಳ್ಳಿಯಲ್ಲ ಎಂದು ಅವನಿಗೆ ಸಂತೋಷವಾಯಿತು.

ಬೆಳಿಗ್ಗೆ ಇನೋಯತ್ ದೋಮ್ಲಾ ಫೋನ್ ಮಾಡಿದ್ದರು. ದೂರು ಕೊಟ್ಟವರೂ ಅವರೇ. ಸ್ವಂತ ಶಿಷ್ಯೆಯ ಮೇಲೆ ದೂರು ಕೊಟ್ಟ ಮೇಷ್ಟ್ರು ಎಂದು ಸಂಘದವರೆಲ್ಲ ಒಳಗೊಳಗೇ ಅವರನ್ನು ಹೊಗಳುತ್ತಿದ್ದರು. "ಆ ಮಂಡಿ ಇಟ್ಕೊಂಡು ಮಾರ್ಗಿಲಾನ್‌ವರೆಗೆ ಯಾಕೆ ಒದ್ದಾಡ್ತೀಯೋ," ಎಂದಿದ್ದರು, ಅದೇ ಹಳೆಯ ಮಮತೆಯ ದನಿಯಲ್ಲಿ. "ಕಚೇರೀಲೇ ಕೂತು ಬರೆದು ಕೈತೊಳ್ಕೋ. ನಂಗೇನು ಸಂತೋಷವೇ? ಆದ್ರೂ ನ್ಯಾಯ ನ್ಯಾಯಾನೇ." ಸರಿ ದೋಮ್ಲಾ ಎಂದಿದ್ದ ತುರ್ಗುನ್. ಫೋನಿಟ್ಟ ಮೇಲೆ, ಕಾಣದೆ ಬರೆಯುವ ಅಭ್ಯಾಸ ಇಲ್ಲದ್ದರಿಂದ, ಟ್ಯಾಕ್ಸಿ ಹತ್ತಿದ್ದ.

ತುರ್ಗುನ್‌ಗೂ ಚದುರಂಗ ಕಲಿಸಿದವರು ಅವರೇ. ತನಗಿಂತ ದುರ್ಬಲರೆದುರು ಕೂತರೆ ದೋಮ್ಲಾ ಮೊದಲು ಅಂಚಿನ ಕಾಲಾಳನ್ನು ಎರಡು ಮನೆ ಸುಮ್ಮನೆ ನೂಕುತ್ತಿದ್ದರು. "ಇಗೋ, ಈ ನಡೆ ನಿಂಗೆ ದಾನ. ಈಗಲಾದ್ರೂ ಗೆಲ್ಲು ನೋಡೋಣ." ತುರ್ಗುನ್ ಗಾಬರಿಯಿಂದ ಕುದುರೆಯನ್ನು ಹಲಗೆಯ ಅಂಚಿಗೆ ತಂದು ನಿಲ್ಲಿಸುತ್ತಿದ್ದ. "ಕುದುರೇನ ಗೋಡೆಗೆ ಕಟ್ಟಬೇಡ್ವೋ!" ಎಂದು ಬೆರಳ ಗಂಟಿನ ಮೇಲೊಂದು ಬೀಳುತ್ತಿತ್ತು.

"ನಿಂಗೂ ಆ ನಡೆ ದಾನ ಕೊಡ್ತಿದ್ರಾ?" ಎಂದು ಕೇಳಿದ, ತನಿಖೆಗೆ ಸಂಬಂಧವಿಲ್ಲದಿದ್ದರೂ.

ಗುಲಾಸಲ್‌ಗೆ ತಕ್ಷಣ ಅರ್ಥವಾಯಿತು. "ಅಂಚಿನ ಕಾಲಾಳಾ? ಕೊಡ್ತಿದ್ರು. ಹೋದ ವಸಂತದಲ್ಲಿ ನಿಲ್ಲಿಸಿದ್ರು. ಆವತ್ತು ಮನೆಗೆ ಬಂದು ಅತ್ತುಬಿಟ್ಟೆ ಅಮಕಿ, ಖುಷಿಗೆ. ಗ್ರಾಫ್ ಏನಾದ್ರೂ ಹೇಳಲಿ. ದೋಮ್ಲಾ ದಾನ ನಿಲ್ಲಿಸಿದ ದಿನಾನೇ ನಾನು ಮುಂದೆ ಬಂದೆ ಅಂತ ಗೊತ್ತಾಗಿದ್ದು."

ತುರ್ಗುನ್‌ಗೆ ಆ ದಾನ ಕೊನೆಯವರೆಗೂ ನಿಂತಿರಲಿಲ್ಲ. ಮೊಮ್ಮಗಳ ವಯಸ್ಸಿನ ಹುಡುಗಿಯ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಯೂ ಆಯಿತು.

"ಇನ್ನೊಂದಿದೆ," ಎಂದ, ಮತ್ತೆ ಪೊಲೀಸನಾಗಿ. "ಕೊನೆಯ ಶುಕ್ರವಾರದ್ದು. ಆಯ್ಕೆಗೆ ಗುಂಪು ಹಂಚೋ ಹಿಂದಿನ ದಿನದ್ದು. ಈ ಸೋಲು ಇಲ್ದಿದ್ರೆ ನೀನು ಮೇಲಿನ ಗುಂಪಲ್ಲಿ ಇರ್ತಿದ್ದೆ, ದೂರೇ ಬರ್ತಿರಲಿಲ್ಲ. ಇದೂ ನೀವೇನಾ ಬುವಿ?"

ಬುವಿ ಫೋನಿನತ್ತ ಬಗ್ಗಿ, ಹಲಗೆಯ ಮೇಲಿನ ಮಂತ್ರಿಯನ್ನು ಹುಡುಕಿದಳು. "ಇದ್ರಲ್ಲಿ ಮಂತ್ರಿ ಹಾಗೇ ಇದಾನಲ್ಲಾ."

"ಹಾಗೇ ಇದಾನೆ. ಇದು ಉದ್ದದ ಆಟ. ಒಂದು ಕಾಲಾಳು ಹೋಯ್ತು, ಆಮೇಲೆ ಇನ್ನೊಂದು. ಎಲ್ಲೂ ದೊಡ್ಡ ತಪ್ಪು ಕಾಣಲ್ಲ. ಕೊನೇಲಿ ಮರ್ಯಾದೆಯಿಂದ ಸೋತಿದಾರೆ. ಸೋಲೋಕೆ ಚೆನ್ನಾಗಿ ಬಲ್ಲವರ ಕೈ ಇದು."

"ನಾನಲ್ಲ. ಆವತ್ತು ಫೋನೇ ಇರಲಿಲ್ಲ ಮನೇಲಿ. ಬಣ್ಣದ ಕಡಾಯಿಗೆ ಬಿದ್ದು ಹಾಳಾಗಿ ಬಜಾರಲ್ಲಿ ರಿಪೇರಿಗೆ ಕೊಟ್ಟಿತ್ತು. ಅಯ್ಯೋ, ಈ ವಾರ ದೃಷ್ಟಿ ತೆಗೆಯೋಕೆ ಆಗ್ಲಿಲ್ವಲ್ಲಾ ಅಂತ ಸಂಕಟಪಟ್ಟೆ. ಆಮೇಲೆ ನೋಡಿದ್ರೆ ಗೆರೆ ತಾನಾಗೇ ಇಳಿದಿತ್ತು. ಇವಳೇ ನನ್ನ ಸಮಾಧಾನಕ್ಕೆ ಸೋತಿರಬೇಕು ಅಂದ್ಕೊಂಡೆ."

ತುರ್ಗುನ್ ಗುಲಾಸಲ್‌ನತ್ತ ತಿರುಗಿದ. "ಶುಕ್ರವಾರದ ಸೋಲುಗಳಲ್ಲಿ ಇದೊಂದನ್ನ ನೀನು ತೆರೆದಿದೀಯಾ. ಮೂರು ಸಲ ಅಲ್ಲ, ದಿನಾ ತೆರೆದಿದೀಯಾ. ಯಾಕೆ?"

ಹುಡುಗಿ ನೀಲಿ ಬೆರಳುಗಳನ್ನು ಮಡಿಲಲ್ಲಿ ಹೊಸೆದಳು.

"ಬುವಿ ಕೆಲಸ ನಂಗೆ ಮೊದಲಿಂದ ಗೊತ್ತಿತ್ತು. ಬೇಡ ಅಂದ್ರೆ ಊಟ ಬಿಡ್ತಾರೆ. ಒಂದು ಆಟ ತಾನೆ, ವಾರದಲ್ಲಿ ಮತ್ತೆ ಹತ್ತಬಹುದು ಅಂತ ಬಿಟ್ಟಿದ್ದೆ. ಆದ್ರೆ ಇದು ಬುವಿ ಆಡಿದ್ದಲ್ಲ ಅಂತ ನೋಡಿದ ಕೂಡ್ಲೇ ಗೊತ್ತಾಯ್ತು." ತಲೆಯೆತ್ತಿದಳು. "ಬುವಿಗೆ ಅಷ್ಟು ಚೆನ್ನಾಗಿ ಸೋಲೋಕೆ ಬರಲ್ಲ ಅಮಕಿ."

"ಯಾಕೇ ಬರಲ್ಲ?" ಎಂದಳು ಬುವಿ, ಅವಮಾನವಾದವಳ ಹಾಗೆ.

"ಯಾರಿಗಾದ್ರೂ ಹೇಳಿದ್ಯಾ ಇದನ್ನ?"

"ದೋಮ್ಲಾಗೆ ಒಬ್ಬರಿಗೇ ಹೇಳಿದ್ದು. ಬುವಿ ಮಾಡೋದನ್ನೂ ಹೇಳಿದೆ, ಇದನ್ನೂ ಹೇಳಿದೆ. ಯಾರ ಹತ್ರಾನೂ ಬಾಯಿಬಿಡಬೇಡ, ನಿಮ್ಮಜ್ಜಿ ಮುದಿ ವಯಸ್ಸಲ್ಲಿ ವಿಚಾರಣೆಗೆ ಅಲೀಬೇಕಾಗುತ್ತೆ ಅಂದ್ರು. ಅದಕ್ಕೇ ಇವತ್ತೂ ನಾನೇ ಆಡಿದ್ದು ಅಂದೆ."

ದೊಡ್ಡ ಮನುಷ್ಯ, ಅಜ್ಜಿಯ ಮಾನದ ಬಗ್ಗೆಯೂ ಯೋಚಿಸಿದ್ದಾರೆ ಎಂದುಕೊಂಡ ತುರ್ಗುನ್. ಎಲ್ಲರನ್ನೂ ಅನುಮಾನಿಸಿ ದಣಿದ ಜೀವ ಅವನದು. ಎಲ್ಲೋ ಒಂದು ಕಡೆ ಅನುಮಾನವನ್ನು ಇಳಿಸಿ ಕೂರಲೇಬೇಕಲ್ಲ.

"ನಿನ್ನ ಖಾತೆಯ ಗುಟ್ಟಿನ ಪದ ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ನಂಗೂ ನೆನಪಿಲ್ಲ, ಫೋನಲ್ಲಿ ತಾನಾಗೇ ತೆರೆಯುತ್ತೆ. ಹದಿಮೂರು ವರ್ಷ ಇದ್ದಾಗ ಮಾಡ್ಸಿದ್ದು."

"ಯಾರು ಮಾಡಿಕೊಟ್ಟಿದ್ದು?"

ಗುಲಾಸಲ್ ಬಾಯಿ ತೆರೆದಳು. ಅಷ್ಟರಲ್ಲಿ ಮಂಚದ ಮೇಲಿದ್ದ ತುರ್ಗುನ್‌ನ ಫೋನಿನಲ್ಲಿ, ಅವಳದೇ ಹೆಸರಿನ ಪಕ್ಕ, ಒಂದು ಹಸಿರು ಚುಕ್ಕೆ ಹೊತ್ತಿಕೊಂಡಿತು.

ಗುಲಾಸಲ್ ಈಗ ಆಟದ ತಾಣದಲ್ಲಿದ್ದಾಳೆ ಎಂದು ಅದರರ್ಥ.

ತುರ್ಗುನ್ ಅವಳ ಕೈಗಳನ್ನು ನೋಡಿದ. ಎರಡೂ ಮಡಿಲಲ್ಲಿದ್ದವು. ಬುವಿಯ ಕೈಗಳು ಚಹಾದ ಪಾತ್ರೆಯ ಮೇಲಿದ್ದವು. ಗುಲಾಸಲ್‌ನ ಫೋನು ರೊಟ್ಟಿಯ ತಟ್ಟೆಯ ಪಕ್ಕ ಬೋರಲಾಗಿ ಮಲಗಿತ್ತು. ಎತ್ತಿ ನೋಡಿದ. ಪರದೆ ಕಪ್ಪಾಗಿತ್ತು.

"ನಾನು ಇಲ್ಲೇ ಇದೀನಲ್ಲಾ," ಎಂದಳು ಗುಲಾಸಲ್, ಮೆಲ್ಲಗೆ.

"ಇದೀಯಾ."

"ಮತ್ತೆ ಅದು ಯಾರು?"

"ತೌಬಾ, ತೌಬಾ," ಎಂದು ಬುವಿ ತನ್ನ ಕೊರಳ ಪಟ್ಟಿ ಹಿಡಿದುಕೊಂಡಳು.

ಇವತ್ತು ಶುಕ್ರವಾರ ಎಂಬುದು ತುರ್ಗುನ್‌ಗೆ ನೆನಪಾಯಿತು. ವರದಿ ಹೋಗುವ ಶುಕ್ರವಾರ. ಇಂದೂ ಒಂದು ಸೋಲು ದಾಖಲಾದರೆ ಸಂಜೆ ಯಾವ ದೇವರು ಬಂದು ಹೇಳಿದರೂ ಈ ಹುಡುಗಿಯನ್ನು ಉಳಿಸಲಾಗದು. ಬಂದವನು ಸೋಲಲು ಬಂದಿದ್ದಾನೆ. ಸೋಲಲು ಬಂದವನಿಗೆ ಒಬ್ಬ ದುರ್ಬಲ ಎದುರಾಳಿ ಬೇಕು.

ಅಂಥವನೊಬ್ಬ ಇಲ್ಲೇ ಮಂಡಿ ಚಾಚಿಕೊಂಡು ಕೂತಿದ್ದ. ಆರು ವರ್ಷ ನಾಚಿಕೆಯಿಂದ ಬಚ್ಚಿಟ್ಟ ನೆಟ್ಟಗಿನ ಗೆರೆಗೆ ಕಡೆಗೂ ಒಂದು ಉಪಯೋಗ ಬಂತು ಎನಿಸಿತು. ತುರ್ಗುನ್ ತನ್ನ 'ಮುದಿ ಕತ್ತೆ' ಖಾತೆ ತೆರೆದು, ಹಸಿರು ಚುಕ್ಕೆಯ ಗುಲಾಸಲ್‌ಗೆ ಆಟದ ಆಹ್ವಾನ ಕಳಿಸಿದ. ಹಿಡಿದರೆ ಕೈಯನ್ನೇ ಹಿಡಿಯಬೇಕು. ಒಬ್ಬ ಆಟಗಾರ ಎಷ್ಟೇ ಮುಖ ಮುಚ್ಚಿಕೊಂಡರೂ ಕೈ ಮುಚ್ಚಿಕೊಳ್ಳಲಾರ.

ಕಣ್ಣು ಮುಚ್ಚಿ ತೆರೆಯುವುದರಲ್ಲಿ ಆಹ್ವಾನ ಸ್ವೀಕಾರವಾಯಿತು. ಹಲಗೆ ತೆರೆಯಿತು. ಬಿಳಿ ಕಾಯಿಗಳು ಗುಲಾಸಲ್ ಎಂಬ ಹೆಸರಿಗೆ ಬಂದಿದ್ದವು, ಮೊದಲ ನಡೆ ಅದರದ್ದು. ಮೂವರೂ ಒಂದೇ ಫೋನಿನ ಮೇಲೆ ಬಗ್ಗಿದರು. ಬುವಿಯ ಬಟ್ಟೆಯಿಂದ ಇಸಿರಿಕ್ ಹೊಗೆಯ ಕಹಿ ವಾಸನೆ ಬರುತ್ತಿತ್ತು.

ಅಂಚಿನ ಕಾಲಾಳು ಎರಡು ಮನೆ ಮುಂದೆ ಸರಿಯಿತು.

ಇಗೋ, ಈ ನಡೆ ನಿಂಗೆ ದಾನ.

ದುರ್ಬಲನ ರೇಟಿಂಗ್ ಕಂಡ ಕೂಡಲೇ ಕೈ ತನ್ನ ಹಳೆಯ ಚಾಳಿಗೆ ಹೋಗಿತ್ತು. ಐವತ್ತು ವರ್ಷ ಮಕ್ಕಳಿಗೆ ದಾನ ಕೊಟ್ಟ ಕೈ. ದೂರು ಕೊಟ್ಟ ಕೈ. ಖಾತೆ ಮಾಡಿಕೊಟ್ಟವರು ಯಾರು ಎಂದು ಇನ್ನು ಕೇಳಬೇಕಾಗಿರಲಿಲ್ಲ. ಪಕ್ಕದಲ್ಲಿ ಗುಲಾಸಲ್ ಫೋನಿನಿಂದ ಹಿಂದೆ ಸರಿದಳು. ಅವಳಿಗೂ ಆ ನಡೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ," ಎಂದಳು. "ಇಲ್ಲ ಅಮಕಿ. ಅವರಲ್ಲ."

"ಯಾರು? ಯಾರೇ ಅದು?" ಎಂದಳು ಬುವಿ.

"ತಾಷ್ಕೆಂಟಿಗೆ ಹೋಗ್ತೀನಿ ಅಂದ ದಿನ..." ಗುಲಾಸಲ್ ಪಿಯಾಲೆಯ ಕಡೆ ನೋಡಿದಳು. "ಆವತ್ತಿಂದ ಅವರು ನಮ್ಮನೇಲಿ ಚಹಾ ಕುಡ್ದಿಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ತುರ್ಗುನ್‌ಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ದಣಿವು, ಮೂಳೆಯೊಳಗಿನ ದಣಿವು. ಅವನ ಆಟ ಮುಂದೆ ಹೋಗದಿದ್ದರೂ, ಒಬ್ಬ ಒಳ್ಳೆಯ ಮನುಷ್ಯನ ಕೈಕೆಳಗೆ ಕಲಿತೆ ಎಂಬ ಒಂದು ಹೆಮ್ಮೆ ಇತ್ತು. ಅದೂ ಈಗ ಹಲಗೆಯಿಂದ ಆಚೆ ಬಿತ್ತು.

ಗಡಿಯಾರ ಓಡುತ್ತಿತ್ತು. ಏನಾದರೂ ಆಡಬೇಕು, ಆ ಕೈಯನ್ನು ಇನ್ನಷ್ಟು ಹೊತ್ತು ಹಲಗೆಯ ಮೇಲೆ ಹಿಡಿದಿಡಬೇಕು, ಸಾಕ್ಷಿ ಗಟ್ಟಿಯಾಗಬೇಕು. ಯೋಚಿಸುವ ಮೊದಲೇ ಅವನ ಬೆರಳು ಸರಿಯಿತು. ಕುದುರೆ ಜಿಗಿದು ಅಂಚಿನ ಮನೆಯಲ್ಲಿ ನಿಂತಿತು.

ಆ ಕಡೆಯಿಂದ ಉತ್ತರ ಬರಲಿಲ್ಲ.

ಬಹಳ ಹೊತ್ತು ಬರಲಿಲ್ಲ. ಬುವಿ ಪಿಯಾಲೆಯಲ್ಲಿದ್ದ ತಣ್ಣನೆಯ ಚಹಾವನ್ನು ಅಂಗಳಕ್ಕೆ ಚೆಲ್ಲಿ, ಹೊಸದನ್ನು ಸುರಿದಳು. ಈ ಸಲ ಅರ್ಧ ಮಾತ್ರ ಸುರಿದು, ತುರ್ಗುನ್‌ನ ಕೈಗೇ ಕೊಟ್ಟಳು. ಅವನು ಅದನ್ನು ಬಾಯಿಗಿಡುವಷ್ಟರಲ್ಲಿ ಹಲಗೆಯ ಪಕ್ಕದ ಮಾತಿನ ಚೌಕದಲ್ಲಿ ಒಂದು ಸಾಲು ಮೂಡಿತು.

'ಈಗಲೂ ಕುದುರೆಯನ್ನು ಗೋಡೆಗೇ ಕಟ್ಟುತ್ತೀಯಲ್ಲೋ ತುರ್ಗುನ್.'

ಮರುಕ್ಷಣವೇ ಬಿಳಿಯ ರಾಜ ಹಲಗೆಯ ಮೇಲೆ ಅಡ್ಡ ಮಲಗಿದ. ಗುಲಾಸಲ್ ಸೋಲೊಪ್ಪಿಕೊಂಡಿದ್ದಾಳೆ ಎಂದು ಪರದೆ ಸಾರಿತು. ಹಸಿರು ಚುಕ್ಕೆ ಆರಿತು. ಮಾತಿನ ಚೌಕದ ಸಾಲು ಆಟದ ಜೊತೆಗೇ ಅಳಿಸಿಹೋಯಿತು.

ಅದರ ಜಾಗದಲ್ಲಿ, ಗೆದ್ದವರಿಗೆ ತಾಣ ತಾನಾಗಿ ತೋರಿಸುವ ಗ್ರಾಫ್ ಬಂದು ನಿಂತಿತು. ತನಗಿಂತ ಬಹಳ ಬಲಶಾಲಿಯನ್ನು ಸೋಲಿಸಿದ್ದಕ್ಕಾಗಿ, ಆರು ವರ್ಷಗಳಲ್ಲಿ ಮೊದಲ ಸಲ, ಮುದಿ ಕತ್ತೆಯ ಗೆರೆ ಕಣ್ಣಿಗೆ ಕಾಣುವ ಹಾಗೆ ಮೇಲೆದ್ದಿತ್ತು.

ತುರ್ಗುನ್ ಆ ಏರಿದ ಗೆರೆಯನ್ನೇ ನೋಡುತ್ತ ಕೂತ. ದಾಖಲೆಯಲ್ಲಿ ಉಳಿದದ್ದು ಹುಡುಗಿಯ ಇನ್ನೊಂದು ಶುಕ್ರವಾರದ ಸೋಲು, ಗೆದ್ದವನು ತನಿಖೆಗೆ ಬಂದವನೇ. ಜೇಬಿನಲ್ಲಿದ್ದ ಕಚೇರಿಯ ಫೋನು ಬಡಿದುಕೊಳ್ಳತೊಡಗಿತು. ವರದಿ ಕೇಳುವವರು. ಅವನು ತೆಗೆಯಲಿಲ್ಲ.

ಗುಲಾಸಲ್ ಪರದೆಯನ್ನು ಓದಿ ಮುಗಿಸಿ, ತುರ್ಗುನ್‌ನ ಮುಖ ನೋಡಿದಳು. ಅವಳ ಕಣ್ಣು ಒದ್ದೆಯಾಗಿದ್ದರೂ ಬುದ್ಧಿ ಎರಡು ನಡೆ ಮುಂದಿತ್ತು.

"ಅಮಕಿ," ಎಂದಳು, "ಇವತ್ತು ನಾನು ಯಾರಿಗೆ ಸೋತೆ, ಆ ಮುದಿ ಕತ್ತೆ ಯಾರು ಅಂತ ಸಂಘದವರು ಕೇಳಿದ್ರೆ ಏನು ಹೇಳ್ತೀರಿ?"